ನೇತ್ರಾಳ ಪಾಲಿನ ಕೆಲಸ

"ಬ್ಯಾಡ, ನೇತ್ರಾಂದು ಐತಿ," ಎನ್ನುತ್ತ ಮಾಲಾ ಹೊಸ ಸೊಳ್ಳೆಪರದೆಯನ್ನು ವಾಪಸಿಟ್ಟಳು. ಮುಂಬೈ ಹತ್ತಿರದ ಡೊಂಬಿವಲಿಯ ಆ ಅಂಗಡಿಯಲ್ಲಿ ಎಂಟು ತಿಂಗಳ ಬಸುರಿ ಹೆಂಡತಿಯ ಹಿಂದೆ ರೇವಣಸಿದ್ದ ಬುಟ್ಟಿ ಹಿಡಿದು ನಡೆದಿದ್ದ. ತೊಟ್ಟಿಲು, ಕುಲಾವಿ, ಸ್ನಾನದ ಟಬ್ಬು, ಎಲ್ಲ ಮೊದಲ ಮಗಳವೇ ಚೆನ್ನಾಗಿದ್ದವು. ಬುಟ್ಟಿಯಲ್ಲಿದ್ದದ್ದು ಡೈಪರ್ ಮತ್ತು ಹಾಲಿನ ಬಾಟಲಿಗೆ ಹೊಸ ನಿಪ್ಪಲ್ ಮಾತ್ರ.

ಐದು ವರ್ಷದ ನೇತ್ರಾ ಅವ್ವನ ಸೆರಗು ಜಗ್ಗಿದಳು. ಅವಳ ಕಣ್ಣುಗಳು ತುಂಬಿದ್ದವು. "ಮಮ್ಮಿ, ಮೇರಾ ನಾಮ್ ಭೀ ಬೇಬಿ ಕೋ ದೋಗೀ?"

ಮಾಲಾ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಮಗಳನ್ನು ಹತ್ತಿರ ಎಳೆದುಕೊಂಡಳು. "ನಿನ್ನ ಹೆಸರು ಯಾರಿಗೂ ಕೊಡೂದಿಲ್ಲವ್ವಾ. ಕೂಸಿಗೆ ಹೊಸಾ ಹೆಸರು ಬೇಕು. ಅದನ್ನ ನೀನೇ ಇಡಬೇಕು."

"ಮೈ? ಸಚ್ಚೀ?" ನೇತ್ರಾ ಅಂಗಡಿಯ ತುಂಬ ಕುಣಿದಳು. ಆಮೇಲೆ ಓಡಿಬಂದು ಅವ್ವನ ಹೊಟ್ಟೆಗೆ ಬಾಯಿ ಹಚ್ಚಿ ಏನೋ ಪಿಸುಗುಟ್ಟಿದಳು.

"ನನಗೂ ಹೇಳ," ರೇವಣಸಿದ್ದ ಬುಟ್ಟಿ ಕೆಳಗಿಟ್ಟು ಬಗ್ಗಿದ.

ನೇತ್ರಾ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಇನ್ನೊಂದು ಅಂಗೈ ಅವ್ವನ ಹೊಟ್ಟೆಯ ಮೇಲಿತ್ತು. ಅಲ್ಲಿ ಕೂಸು ಧಡ್ಡನೆ ಒದ್ದಿತು.

"ಪಪ್ಪಾ!" ನೇತ್ರಾ ಕಿರುಚಿದಳು. "ಹೂಂ ಅಂತು!"