ಅನ್ನ ಬಿಟ್ಟವಳು

ಊರಿನ ಬೋರ್‌ವೆಲ್ ನೀರಿನಲ್ಲೂ ಆ ನೀರುಂಡು ಬೆಳೆದ ಭತ್ತದಲ್ಲೂ ಆರ್ಸೆನಿಕ್ ಎಂಬ ವಿಷವಿದೆ ಎಂದು ಗೊತ್ತಾದಾಗ ನೀಲವ್ವ ಬಸುರಿ. ಹಿಂದಿನ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಬಸುರಿ ಅನ್ನ ಬಿಟ್ಟು ಜೋಳ, ನವಣೆ ಉಣ್ಣಬೇಕು; ಉಳಿದವರು ಅಕ್ಕಿಯನ್ನು ಫಿಲ್ಟರ್ ನೀರಿನಲ್ಲಿ ಕುದಿಸಿ ಗಂಜಿ ಬಸಿಯಬೇಕು, ವಿಷ ಅದರೊಂದಿಗೆ ಹೋಗುತ್ತದೆ ಎಂದು ನರ್ಸ್ ಅವಳಿಗೆ ವಿವರಿಸಿದ್ದಳು. ನೀಲವ್ವ ಮನೆಗೆ ಬಂದು ಅತ್ತೆಗೆ ಇಷ್ಟೇ ಹೇಳಿದ್ದಳು: ನನಗೆ ಜೋಳ, ನಿಮಗೆಲ್ಲ ಬಸಿದ ಅನ್ನ.

ಅಂದಿನಿಂದ ಅತ್ತೆ ಅವಳನ್ನು ಒಲೆಯ ಹತ್ತಿರ ಸುಳಿಯಗೊಡಲಿಲ್ಲ. ಎಲ್ಲವನ್ನೂ ತಾನೇ ಮಾಡಿ ಬಡಿಸಿದಳು.

ಇಂದು ಎರಡನೇ ಪರೀಕ್ಷೆಯ ಫಲಿತಾಂಶ ಬಂತು. ನೀಲವ್ವನ ಮೈಯಲ್ಲಿ ವಿಷ ಇಳಿದಿರಲಿಲ್ಲ, ಏರಿತ್ತು.

"ಖರೇ ಹೇಳು, ನನ್ನ ಕಣ್ಣು ತಪ್ಪಿಸಿ ಅನ್ನ ಉಂಡಿಯೇನು?" ಅತ್ತೆ ಗದರಿದಳು.

"ಇಲ್ರಿ ಅತ್ತಿ. ಒಂದು ಅಗುಳೂ ಬಾಯಾಗ ಹಾಕಿಲ್ರಿ."

"ಬೋರಿನ ನೀರು?"

"ಮುಟ್ಟಿಲ್ರಿ. ನೀವು ಕೊಟ್ಟದ್ದಷ್ಟ ಉಂಡೀನ್ರಿ."

"ಹಂಗಾದ್ರ ಎಲ್ಲಿಂದ ಬಂತು?"

ನೀಲವ್ವ ಹೊಟ್ಟೆ ಹಿಡಿದುಕೊಂಡು ಅಳತೊಡಗಿದಳು. ಅತ್ತೆಯ ಸಿಟ್ಟು ಕರಗಿತು. ಪಕ್ಕದಲ್ಲಿ ಕುಳಿತು ಸೊಸೆಯ ತಲೆ ನೇವರಿಸಿ, ಜೋಳದ ಅಂಬಲಿಯ ಬಟ್ಟಲನ್ನು ಅವಳ ತುಟಿಗೆ ಹಿಡಿದಳು.

"ಅಳಬ್ಯಾಡ, ಕುಡಿ. ಶಕ್ತಿ ಬರಲಿ ಅಂತ ನಮ್ಮ ಅನ್ನ ಬಸಿದ ಗಂಜೀನ ಒಂದು ಹನೀನೂ ಚೆಲ್ಲದಂಗ ದಿನಾ ನಿನ್ನ ಅಂಬಲಿಗೇ ಹಾಕೀನವ್ವಾ."