ಕೀಟಲೆಯ ಉಸಿರು

ಸುವಾ ನಗರದ ಚಿಕಿತ್ಸಾಲಯದಲ್ಲಿ ನರ್ಸ್ ಲಿತಿಯಾನಾಳ ಪೆನ್ನು ಪ್ರಶ್ನಾವಳಿಯ ಕೊನೆಯ ಸಾಲಿನ ಮೇಲೆ ನಿಂತಿತು. ಆಸ್ತಮಾ ಬಂದ ಮೇಲೆ ಯಾವುದು ಕಷ್ಟವಾಗಿದೆ ಎಂಬ ಪ್ರಶ್ನೆಗೆ, ಈಗ ಎದುರು ಕೂತಿದ್ದ ರೋಗಿ ಸೆವುಲೋನಿ ಮೂರು ತಿಂಗಳ ಹಿಂದೆ ‘ಕೀಟಲೆ’ ಎಂದು ಬರೆಸಿ, ಏಳರಲ್ಲಿ ಒಂದೇ ಅಂಕ ಕೊಟ್ಟಿದ್ದ. ಒಂದೆಂದರೆ ತೀರಾ ಕಷ್ಟ, ಏಳೆಂದರೆ ಕಷ್ಟವೇ ಇಲ್ಲ. ಅವರಿಬ್ಬರ ಊರುಗಳ ನಡುವೆ ಅಜ್ಜಂದಿರ ಕಾಲದಿಂದ ಕೀಟಲೆಯ ನಂಟು, ಎದುರಾದರೆ ಕಾಲೆಳೆಯಲೇಬೇಕು. ಅಂದು ಅವನ ಕೆಮ್ಮಿಗೆ ಹೆದರಿ ಅವಳು ಕಾಲೆಳೆಯದೆ ಬಿಟ್ಟಿದ್ದಳು.

“ಇವತ್ತು ಎಷ್ಟು ಹಾಕ್ಲಿ, ಅಣ್ಣ?”

“ಏನೇ ಇಷ್ಟೊಂದು ಮರ್ಯಾದೆ? ನಾನೇನು ಸತ್ತೋದ್ನಾ?”

“ನಿಮ್ಮೂರೋರು ಸತ್ರೂ ಊಟದ ಹೊತ್ತಿಗೆ ಎದ್ದು ಕೂರ್ತಾರಲ್ಲ!”

ಸೆವುಲೋನಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳ ಕೈ ಇನ್‌ಹೇಲರ್ ಕಡೆ ಓಡಿತು. ಕೆಮ್ಮು ಬರಲೇ ಇಲ್ಲ.

“ನಿಮ್ಮೂರ ಮರಗೆಣಸು ತಿಂದ್ರೆ, ಎದ್ದು ಕೂತೋರೂ ಮತ್ತೆ ಸಾಯ್ತಾರೆ ಕಣೇ!” ಎಂದ, ಒಂದೇ ಉಸಿರಿಗೆ.

“ಇಂಥ ಹಳಸಲು ಮಾತಿಗೆ ಆರೂ ಜಾಸ್ತಿ,” ಎನ್ನುತ್ತ ಲಿತಿಯಾನಾ ಏಳು ಬರೆದಳು.