ನೂರ ಎಂಬತ್ತು ಮಾತುಗಳು

"ಇನ್ನೊಂದ್ಸಲ ಹೇಳಿ ಮೇಡಂ," ಎಂದ ಮಹದೇವ. "ರೈಲು ಬಂತು."

ಶೋಭಾರಾಣಿ ಕಣ್ಣು ಮುಚ್ಚಿಕೊಂಡು ಕಾದಳು. ಯಲಿಯೂರಿನಲ್ಲಿ ನಿಲ್ಲದ ಗಾಡಿ ಅದು. ಕಿಟಕಿಯ ಸರಳುಗಳನ್ನು ನಡುಗಿಸಿ ಮೈಸೂರಿನ ಕಡೆ ಹೋಯಿತು. ಸದ್ದು ಪೂರ್ತಿ ಅಡಗಿದ ಮೇಲೆ ಅವಳು ಕೊರಳಿಗೆ ಸುತ್ತಿದ್ದ ಶಾಲನ್ನು ಸಡಿಲಿಸಿ, ಒಂದು ಗುಟುಕು ಬಿಸಿನೀರು ಕುಡಿದು, ಮೈಕಿನತ್ತ ವಾಲಿದಳು.

"ನಂಗೆ ಸೊಂಟ ನೋಯ್ತಾ ಐತೆ."

ಲ್ಯಾಪ್‌ಟಾಪಿನ ಪರದೆಯಲ್ಲಿ ಹಸಿರು ಗೆರೆ ಎದ್ದು ಬಿತ್ತು. ನಲವತ್ತೊಂದನೆಯ ಮಾತು. ಇನ್ನೂ ನೂರ ಮೂವತ್ತೊಂಬತ್ತು ಉಳಿದಿದ್ದವು.

ಮಹದೇವನದು ಮದ್ದೂರಿನಲ್ಲಿ ಸಣ್ಣ ರೆಕಾರ್ಡಿಂಗ್ ಅಂಗಡಿ. ಆಟೋದಲ್ಲಿ ಕೂಗಿಸುವ ಸೀರೆ ಸೇಲು, ಹಸು ಕಳೆದಿದೆ ಎಂಬ ಪ್ರಕಟಣೆ, ತಿಥಿಯ ಸುದ್ದಿ, ಎಲ್ಲಕ್ಕೂ ದನಿ ಹಿಡಿದು ಹಿಡಿದು ಅವನ ಕಿವಿ ದಣಿದಿತ್ತು. ಏಪ್ರಿಲ್ ಕೊನೆಯಲ್ಲಿ ಈ ಹೈಸ್ಕೂಲ್ ಮೇಡಂ ಬಂದು, ಟ್ಯಾಬಿನಲ್ಲಿ ಚಿತ್ರ ಒತ್ತಿದರೆ ಮಾತು ಬರುವ ಹಾಗೆ ಮಾಡಿಕೊಡಬೇಕೆಂದಳು. ಮಿಷನ್ ದನಿ ಬೇಡ, ಮನುಷ್ಯರ ದನಿಯೇ ಆಗಬೇಕು, ಅದೂ ನಮ್ಮೂರ ಮಾತಿನಲ್ಲಿ. ಮನೆಗೇ ಬಂದು ರೆಕಾರ್ಡ್ ಮಾಡಬೇಕು.

"ಗಂಟಲಿಗೆ ರೆಸ್ಟ್ ಕೊಡ್ಬೇಕು ಅಂದವ್ರೆ ಡಾಕ್ಟ್ರು," ಎಂದಿದ್ದಳು. "ಸ್ಕೂಲು ಸುರುವಾಗೋದ್ರೊಳಗೆ ಮುಗಿಸ್ಬುಡಿ. ಆಮೇಲೆ ಈ ಗಂಟಲು ನನ್ ಕೈಗೆ ಸಿಗಾಕಿಲ್ಲ."

ಮಹದೇವ ಮುಂದೆ ಏನೂ ಕೇಳಲಿಲ್ಲ. ಕೇಳದೆಯೇ ಅವನಿಗೆ ಅರ್ಥವಾಗಿತ್ತು. ಅವನ ಅಪ್ಪ ಮರಿಸಿದ್ದಯ್ಯ ಗಂಟಲಿನ ಆಪರೇಷನ್ ಆದ ಮೇಲೆ ಹನ್ನೊಂದು ತಿಂಗಳು ಬದುಕಿದ್ದ. ಆ ಹನ್ನೊಂದು ತಿಂಗಳೂ ಒಂದು ಮಾತಿಲ್ಲ. ಊರವರ ದನಿಯನ್ನೆಲ್ಲ ಹಿಡಿದಿಟ್ಟವನ ಬಳಿ ಅಪ್ಪನ ದನಿ ಮಾತ್ರ ಇರಲಿಲ್ಲ.

ಹೊಸ ಡಿಜಿಟಲ್ ಮೈಕನ್ನು ತಂದ. ಮಿಕ್ಸರ್ ಗೋಜಿಲ್ಲ, ತಂತಿಯನ್ನು ನೇರ ಲ್ಯಾಪ್‌ಟಾಪಿಗೆ ಚುಚ್ಚಿದರೆ ಆಯಿತು. ಮೊದಲ ದಿನ ಅವಳು ಮೈಕಿನ ನೆತ್ತಿಗೆ ಮಾತಾಡಿದಳು. ಇದು ನೆತ್ತಿಯಿಂದ ಕೇಳುವ ಮೈಕಲ್ಲ, ಪಕ್ಕದಿಂದ ಕೇಳುವಂಥದ್ದು ಎಂದು ತಿರುಗಿಸಿ ತೋರಿಸಿದ. ಒಂದು ಗೇಣು ದೂರ ಕೂರಿಸಿದ. ಪಕಾರ ಬಂದಾಗಲೆಲ್ಲ ಉಸಿರು ಬಡಿದು ದನಿ ಒಡೆಯುತ್ತಿತ್ತು. ಕಸೂತಿಯ ಬಳೆಗೆ ತೆಳು ಬಟ್ಟೆ ಬಿಗಿದು ಅಡ್ಡ ನಿಲ್ಲಿಸಿದ. ಗೋಡೆಗೆ ಹಾಸಿಗೆ ಆನಿಸಿ, ಕಿಟಕಿಗೆ ಕೌದಿ ಇಳಿಬಿಟ್ಟ. ಫ್ಯಾನು ಹಾಕುವಂತಿಲ್ಲ. ಮೇ ತಿಂಗಳ ಸೆಕೆಯಲ್ಲಿ ಇಬ್ಬರೂ ಬೆವೆತು ಬಸವಳಿಯುತ್ತಿದ್ದರು. ಹದಿನೈದು ಮಾತು ಆಗುವಷ್ಟರಲ್ಲಿ ಅವಳ ದನಿ ಹರಿದ ಬಟ್ಟೆಯಂತಾಗುತ್ತಿತ್ತು. ಅಲ್ಲಿಗೆ ಆ ದಿನದ ಕೆಲಸ ಮುಗಿದಂತೆ.

ಸೆಕೆಗಿಂತ ಅವನನ್ನು ಹೆಚ್ಚು ದಣಿಸಿದ್ದು ಅವಳ ಅತ್ತೆ ಚಿಕ್ಕನಂಜಮ್ಮ. ಹಜಾರದ ಮಂಚದ ಮೇಲೆ ಬಾಗಿಲಿಗೆ ಎದುರಾಗಿ ಕೂತಿರುತ್ತಿದ್ದಳು. ಮೊದಲ ದಿನ ಮಹದೇವ ಕೈಮುಗಿದರೆ ಸುಮ್ಮನೆ ನೋಡಿದಳು. ಎರಡು ವಾರದಲ್ಲಿ ಅವನೊಂದಿಗೆ ಒಂದು ಮಾತಾಡಲಿಲ್ಲ. ಹೋಗಲಿ, ಸೊಸೆಯೊಂದಿಗೂ ಇಲ್ಲ. ತಟ್ಟೆ ತಂದಿಟ್ಟರೂ ಮಾತಿಲ್ಲ, ಔಷಧಿ ಕೊಟ್ಟರೂ ಮಾತಿಲ್ಲ. ಇಂಥ ಹೊತ್ತಿನಲ್ಲೂ ಹಗೆ ಬಿಡದ ಮುದುಕಿ ಎಂದು ಅವನು ಒಳಗೇ ಬೈದುಕೊಂಡ.

ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟ. "ನಿಮ್ಮತ್ತೆ ಯಾವಾಗ್ಲೂ ಇಂಗೇಯಾ?"

"ಇಲ್ಲ," ಎಂದಳು ಶೋಭಾರಾಣಿ, ಹಾಳೆ ತಿರುಗಿಸುತ್ತ. "ಮೊದ್ಲು ಬಾಯ್ತುಂಬ ಬೈಯೋರು. ಅದೇ ಚೆಂದಾಗಿತ್ತು."

ಹೇಳಬೇಕಾದ ಮಾತುಗಳ ಪಟ್ಟಿಯಲ್ಲಿ ಒಂದು ಕಡೆ ಶೋಭಾರಾಣಿಯ ಹೆಸರೇ ಇತ್ತು. ಅದನ್ನು ನಾಲ್ಕು ಬಗೆಯಲ್ಲಿ ಹೇಳಿದಳು. ದೂರದಿಂದ ಕರೆದಂತೆ, ಮೆಲ್ಲಗೆ, ಬೇಸರದಲ್ಲಿ, ಸಿಟ್ಟಿನಲ್ಲಿ. ಮಹದೇವ ಪರದೆಯಿಂದ ಕಣ್ಣೆತ್ತಲಿಲ್ಲ. ತನ್ನ ಹೆಸರನ್ನು ತಾನೇ ಉಳಿಸಿಟ್ಟುಕೊಳ್ಳುವ ಹೆಂಗಸನ್ನು ಹೇಗೆ ನೋಡುವುದು? ಅಪ್ಪ ತನ್ನನ್ನು ಕೂಗುತ್ತಿದ್ದ ಬಗೆಯನ್ನು ನೆನೆಯಲು ಯತ್ನಿಸಿದ. ದನಿ ಸಿಗಲಿಲ್ಲ.

ಕೊನೆಯ ಹನ್ನೆರಡು ಮಾತಿಗೆ ಅವನನ್ನು ಜಗಲಿಗೆ ಕಳಿಸಿದಳು. ಇವು ಮನೆ ಮಾತು, ಮೈಕು ನನಗೂ ಗೊತ್ತಾಯಿತು, ನಾನೇ ಮಾಡಿಕೊಳ್ಳುತ್ತೇನೆ ಎಂದಳು. ಅವನು ಬಿಸಿಲು ನೋಡುತ್ತ ಕೂತ. ಮುಚ್ಚಿದ ಬಾಗಿಲಿನಾಚೆ ಅವಳ ದನಿ ಏರಿ ಇಳಿಯುತ್ತಿತ್ತು. ಅಳುತ್ತಿದ್ದಾಳೋ ಏನೋ ಎನ್ನಿಸಿತು.

ಮೂರು ದಿನ ಬಿಟ್ಟು ಟ್ಯಾಬ್ ಸಿದ್ಧಪಡಿಸಿ ತಂದ. ಶೋಭಾರಾಣಿ ಎರಡು ಚಿತ್ರ ಒತ್ತಿ ನೋಡಿ, ತಲೆಯಾಡಿಸಿ, ಅದನ್ನು ಹಜಾರದಲ್ಲಿಟ್ಟು ಬಂದಳು. ಅವನು ಮೈಕಿನ ತಂತಿ ಸುತ್ತತೊಡಗಿದ. ಅವಳು ಕೌದಿ ಮಡಿಸತೊಡಗಿದಳು. ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಇನ್ನು ಈ ಮನೆಗೆ ಬರುವ ಕೆಲಸವಿಲ್ಲ ಎಂದುಕೊಂಡು ಮಹದೇವ ಧೈರ್ಯ ಮಾಡಿದ.

"ಆಪರೇಸನ್ ಯಾವತ್ತು ಮೇಡಂ?"

ಕೌದಿಯ ಅಂಚನ್ನು ಗದ್ದಕ್ಕೆ ಒತ್ತಿ ಹಿಡಿದಿದ್ದ ಶೋಭಾರಾಣಿ ಅರ್ಥವಾಗದೆ ಅವನನ್ನೇ ನೋಡಿದಳು. ಅವಳು ಉತ್ತರಿಸುವ ಮೊದಲೇ ಹಜಾರದಿಂದ ಅವಳದೇ ದನಿ ಕೇಳಿಸಿತು. ಒಂದು ಚೂರೂ ಒಡಕಿಲ್ಲದೆ, ಸ್ಪಷ್ಟವಾಗಿ.

"ಲೇ ಶೋಭಾ, ಮನೆಗೆ ಬಂದೋರ್ಗೆ ಒಂದ್ ಲೋಟ ಕಾಪಿ ಕೊಡೋದೂ ಗೊತ್ತಾಗಾಕಿಲ್ವಾ ನಿಂಗೆ?"

ಪಕ್ಕದಲ್ಲಿ ನಿಂತಿದ್ದವಳ ತುಟಿ ಮುಚ್ಚಿಯೇ ಇತ್ತು. ಮಹದೇವ ಬಾಗಿಲಿಗೆ ಬಂದು ಇಣುಕಿದ.

ಎರಡು ವರ್ಷದ ಹಿಂದೆ ಲಕ್ವ ಹೊಡೆದು ಮಾತು ನಿಂತುಹೋಗಿದ್ದ ಚಿಕ್ಕನಂಜಮ್ಮ, ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು, ಸೊಸೆಯ ದನಿಯಲ್ಲಿ ಸೊಸೆಯನ್ನು ಬೈಯುತ್ತಿದ್ದಳು.